ಮಗುಚಿ ತೋರಿಸಿ ಸ್ವಾಮಿ

ಹೊಸ ಲ್ಯಾಪ್‌ಟಾಪ್ ಒಂದರ ಬಿಡುಗಡೆಯ ವಿಡಿಯೋ ನೋಡುತ್ತಿದ್ದೆ. ಮುಚ್ಚಳ ತೋರಿಸಿದರು. ಮತ್ತೆ ಮುಚ್ಚಳವನ್ನೇ ತೋರಿಸಿದರು. ಅದರ ಮೇಲೆ ಬೆಳಕು ಜಾರುವುದನ್ನು ಸ್ಲೋ ಮೋಷನ್ನಿನಲ್ಲೂ ತೋರಿಸಿದರು. ಆದರೆ ಅಂಚಿನ ಹತ್ತಿರ ಬಂದ ಕೂಡಲೇ ಕ್ಯಾಮೆರಾಕ್ಕೆ ಏನು ಅವಸರವೋ, ವೈರ್ ಚುಚ್ಚುವ ಪೋರ್ಟ್ ಎಷ್ಟಿವೆ ಅಂತ ಎಣಿಸಲು ವಿಡಿಯೋ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನಿಲ್ಲಿಸಬೇಕಾಯಿತು. ಎರಡು. ಎರಡೂ ಒಂದೇ ಬದಿಗೆ. ಅದರಲ್ಲೊಂದು ಚಾರ್ಜರಿಗೇ ಹೋಯಿತು. ರ್ಯಾಮ್ ಬದಲಾಯಿಸಬಹುದೋ ಇಲ್ಲವೋ, ಅದರ ಸುದ್ದಿಯೇ ಇಲ್ಲ. ಸುದ್ದಿ ಇಲ್ಲ ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತಲೇ ತಿಳಿಯಬೇಕು, ಅಲ್ವಾ?

ಟೆಕ್ ಮೇಳಗಳಲ್ಲೂ ಇದೇ ಕಥೆ. ಮಾಲನ್ನು ಮೇಜಿಗೆ ತಂತಿಯಲ್ಲಿ ಬಿಗಿದಿರುತ್ತಾರೆ. ಆ ತಂತಿಯ ಉದ್ದ ಬಹಳ ಲೆಕ್ಕಾಚಾರದ್ದು. ಎತ್ತಿ ಹಿಡಿಯಬಹುದು, ಮಗುಚಿ ನೋಡಲಾಗದು. ಬಗ್ಗಿ ಕೆಳಗಿನಿಂದ ಇಣುಕಿದರೆ ಸ್ಟಾಲಿನ ಹುಡುಗ ಓಡಿ ಬರುತ್ತಾನೆ, ಕೈಯಲ್ಲೊಂದು ಮೈಕ್ರೋಫೈಬರ್ ಬಟ್ಟೆ. ಬಂದವರೆಲ್ಲ ಒತ್ತಿಹೋದ ಬೆರಳಚ್ಚು ಒರೆಸುವುದೇ ಅವನಿಗೆ ದಿನವಿಡೀ ಕೆಲಸ. ತಳದ ಸ್ಕ್ರೂ ಆರು ಮೂಲೆಯ ಟಾರ್ಕ್ಸಾ, ಐದು ಎಸಳಿನ ಪೆಂಟಲೋಬಾ ಅಂತ ಕೇಳಿದರೆ, ಪಾಪ, ಒಂದು ಬ್ರೋಷರ್ ಕೊಡುತ್ತಾನೆ. ಅದರಲ್ಲೂ ಮುಚ್ಚಳ.

ಹಾಗಂತ ನನಗೇನೂ ಮೇಳಗಳ ಮೇಲೆ ಹಗೆಯಿಲ್ಲ. ತೈವಾನಿನ ತೈಪೆಯಲ್ಲಿ 1981ರಿಂದ ನಡೆಯುತ್ತಿರುವ ಕಂಪ್ಯೂಟರ್ ಮೇಳ ಕಂಪ್ಯೂಟೆಕ್ಸ್ ಇದ್ದುದರಲ್ಲಿ ವಾಸಿ. ಅಲ್ಲಿ ಕಂಪ್ಯೂಟರಿನೊಳಗಿನ ಮದರ್‌ಬೋರ್ಡನ್ನು ಬೆತ್ತಲೆಯಾಗಿ ಗೋಡೆಗೆ ನೇತುಹಾಕುವ ಮರ್ಯಾದೆ ಇನ್ನೂ ಉಳಿದಿದೆ. ಅಮೆರಿಕದ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳ ಸಿಇಎಸ್ ಹಾಗಲ್ಲ, ಅದು ಮುಚ್ಚಳದವರ ಜಾತ್ರೆ. ಆದರೂ 2018ರ ಸಿಇಎಸ್ ಅಂದರೆ ನನಗೆ ಪ್ರೀತಿ. ತೋರಿಸಿದ್ದಕ್ಕಲ್ಲ, ಕರೆಂಟ್ ಹೋಗಿದ್ದಕ್ಕೆ.

ಮೊದಲ ದಿನವೇ ಆ ಮರುಭೂಮಿ ಊರಿನಲ್ಲಿ ಜೋರು ಮಳೆ. ಹೊರಗಡೆ ಬಯಲಿನಲ್ಲಿ ಸ್ಟಾಲ್ ಹಾಕಿದ್ದ ಗೂಗಲ್‌ನವರು ನೀರು ಸೋರಿ ಬಾಗಿಲು ಮುಚ್ಚಿಕೊಂಡರು. ಊರೆಲ್ಲ ಅವರದೇ ಜಾಹೀರಾತು, ಸ್ಟಾಲಿಗೆ ಮಾತ್ರ ಬೀಗ. ಮರುದಿನ, ಜನವರಿ 10ರ ಬೆಳಿಗ್ಗೆ, ಆ ಮಳೆಯ ತೇವ ಒಂದು ಟ್ರಾನ್ಸ್‌ಫಾರ್ಮರಿಗೆ ಹೊಕ್ಕಿತು. ಪಟ್ಟಂತ ಸೆಂಟ್ರಲ್ ಹಾಲ್ ಕತ್ತಲಾಯಿತು. ಸ್ಯಾಮ್‌ಸಂಗ್, ಸೋನಿ, ಎಲ್‌ಜಿಯಂಥ ಘಟಾನುಘಟಿಗಳೆಲ್ಲ ಕೂತಿದ್ದ ಹಾಲ್ ಅದು. ಯೋಚಿಸಿ ನೋಡಿ. ಒಂದೊಂದು 8ಕೆ ಪರದೆಯಲ್ಲೂ 3.3 ಕೋಟಿ ಪಿಕ್ಸೆಲ್, ಅದರಲ್ಲಿ ಒಂದೂ ಹೊತ್ತುತ್ತಿಲ್ಲ. ನಮ್ಮಷ್ಟು ಅಪ್ಪಟ ಕಪ್ಪು ಇನ್ಯಾರೂ ತೋರಿಸಲಾರರು ಅನ್ನುತ್ತಿದ್ದ ಓಎಲ್‌ಇಡಿ ಟಿವಿಯವರ ಮಾತು ಅವತ್ತು ನೂರಕ್ಕೆ ನೂರು ನಿಜವಾಯಿತು. ಮನೆಯನ್ನೇ ನಡೆಸುತ್ತೇವೆ ಅನ್ನುವ ಸ್ಪೀಕರುಗಳು ಬಾಯಿ ಬಿಡಲಿಲ್ಲ. ಕೆಲಸಕ್ಕೆ ಬಂದದ್ದು ಮೊಬೈಲಿನ ಟಾರ್ಚ್. ಸೆಕ್ಯುರಿಟಿಯವರು ಜನರನ್ನು ಹೊರಗೆ ಕಳಿಸಿದರು. ಸುಮಾರು ಎರಡು ಗಂಟೆ ಹೀಗೇ. ಮುಂದಿನ ಹತ್ತು ವರ್ಷ ಬದುಕು ಹೇಗಿರುತ್ತದೆ ಅಂತ ತೋರಿಸಲು ಬಂದವರೆಲ್ಲ ಪ್ಲಗ್ ಪಾಯಿಂಟ್ ನೋಡುತ್ತಾ ನಿಂತಿದ್ದರು ಅನ್ನುವುದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಇದು ಕೆಟ್ಟ ಬುದ್ಧಿ ಇರಬಹುದು. ಇರಲಿ ಬಿಡಿ.

ಈ ಕತ್ತಲೆಗೂ ಲ್ಯಾಪ್‌ಟಾಪಿನ ಪೋರ್ಟಿಗೂ ಏನೋ ಸಂಬಂಧ ಇದೆ ಅನ್ನಿಸಿಯೇ ಬರೆಯಲು ಕೂತೆ. ಈಗ ಅದು ಸಿಗುತ್ತಿಲ್ಲ. ಸಿಕ್ಕಿದ್ದು ಇಷ್ಟೇ: 2013ರ ಸಿಇಎಸ್‌ನಲ್ಲಿ ಹ್ಯಾಪಿಫೋರ್ಕ್ ಅಂತ ಒಂದು ಮುಳ್ಳುಚಮಚ ಬಂದಿತ್ತು. ಬೇಗ ಬೇಗ ತಿಂದರೆ ಕೈಯಲ್ಲೇ ನಡುಗುತ್ತಿತ್ತು. ಅದನ್ನೂ ಯುಎಸ್‌ಬಿಯಿಂದ ಕಂಪ್ಯೂಟರಿಗೆ ಜೋಡಿಸಬಹುದಿತ್ತು. ಚಮಚಕ್ಕೇ ಪೋರ್ಟ್ ಇಡಲು ಜಾಗ ಸಿಕ್ಕಿತು ಅಂದಮೇಲೆ, ಲ್ಯಾಪ್‌ಟಾಪ್ ಮಾಡುವವರು ಜಾಗ ಇಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಾರೆ?

ಇನ್ನು ನನ್ನ ಕೆಲಸದ ಮೇಜಿನ ಮೇಲಿನ ಸ್ಮಾರ್ಟ್ ಬಲ್ಬಿನ ವಿಷಯ. ಮೇಳದಲ್ಲಿ ಚಪ್ಪಾಳೆ ಗಿಟ್ಟಿಸಿದ ಜಾತಿಯದು. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಅವರು ಸರ್ವರ್ ಮುಚ್ಚಿ ಎದ್ದು ಹೋಗಿದ್ದಾರೆ. ಆ್ಯಪ್ ತೆರೆದರೆ ಲಾಗಿನ್ ಆಗಿ ಅನ್ನುತ್ತದೆ, ಆಗಲು ಹೋದರೆ ಚಕ್ರ ಸುತ್ತುತ್ತಾ ಕೂರುತ್ತದೆ. ಬಲ್ಬ್ ಮಾತ್ರ ಗಟ್ಟಿಮುಟ್ಟಾಗಿದೆ. ಗೋಡೆಯ ಸ್ವಿಚ್ ಹಾಕಿದರೆ ಹೊತ್ತುತ್ತದೆ, ಆದರೆ ಕೊನೆಯ ಸಲ ಇಟ್ಟಿದ್ದ ನೀಲಿ ಬಣ್ಣದಲ್ಲೇ. ನೀಲಿ ಬೆಳಕಿನಲ್ಲಿ ಕೆಂಪು ವೈರೂ ಕಪ್ಪಾಗಿಯೇ ಕಾಣುತ್ತದೆ. ಹಳೆಯ ಕಂಪ್ಯೂಟರ್ ಕ್ಯಾಬಿನೆಟ್ಟೊಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದೇನೆ, ಪ್ಲಸ್ ಯಾವುದು ಮೈನಸ್ ಯಾವುದು ಗೊತ್ತಾಗುತ್ತಿಲ್ಲ. ಒಂದು ಟೇಬಲ್ ಲ್ಯಾಂಪ್ ತರಬೇಕು. ಸುಮ್ನೆ ಸ್ವಿಚ್ ಇರುವಂಥದ್ದು.