ದೂರು ಕೊಟ್ಟವರ ಕೈಗೆ ರಶೀದಿಯಾದರೂ ಸಿಗಲಿ

ನಗರಸಭೆ ಸದಸ್ಯರ ನಡತೆ ಬಗ್ಗೆ ದೂರು ಬಂದರೆ ಒಳಗೊಳಗೇ ರಾಜಿ ಮಾಡಿ ಮುಗಿಸುವುದು ಒಳ್ಳೆಯದು ಅಂತ ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ರಾಜಿಗೆ ಕೂರುವವರೂ ಅವರ ಜೊತೆಯ ಸದಸ್ಯರೇ ಅಲ್ವಾ?

ನಮ್ಮ ಕರಾವಳಿಯ ಪೇಟೆಯೊಂದರಲ್ಲಿ ಸದಸ್ಯರೊಬ್ಬರು ಮೀನು ಮಾರುವ ಹೆಂಗಸಿನ ಬುಟ್ಟಿಯನ್ನು ಎಲ್ಲರೆದುರೇ ರಸ್ತೆಗೆ ತಳ್ಳಿದ್ದನ್ನು ನೋಡಿದ್ದೇನೆ. ಬಂಗುಡೆಯೆಲ್ಲ ಮಣ್ಣುಪಾಲು. ಆಕೆ ಯಾರ ಕೈಲೋ ದೂರು ಬರೆಸಿ ಕೊಟ್ಟರು. ಪ್ರತಿಯ ಮೇಲೆ ಒಂದು ಸೀಲು ಕೂಡ ಹಾಕಿಕೊಡಲಿಲ್ಲ. ಕೊಟ್ಟಿದ್ದೇನೆ ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ.

ಕಾನೂನು ಇಲ್ಲ ಅಂತಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 41ನೇ ಕಲಮಿನಲ್ಲಿ ದುರ್ನಡತೆಗೆ ಸದಸ್ಯತ್ವದಿಂದಲೇ ತೆಗೆಯಲು ಸರ್ಕಾರಕ್ಕೆ ಅಧಿಕಾರ ಇದೆ. ಮೊದಲು ಆ ಸದಸ್ಯರ ಮಾತನ್ನೂ ಕೇಳಬೇಕು. ಅದು ನ್ಯಾಯವೇ, ಸುಳ್ಳು ದೂರುಗಳೂ ಬರುತ್ತವೆ. ಲಂಚದ ವಿಷಯಕ್ಕೆ ಲೋಕಾಯುಕ್ತ ಇದೆ. ಆದರೆ ಅಲ್ಲಿ ಅಫಿಡವಿಟ್ ಬೇಕು. ಬುಟ್ಟಿ ಹೊತ್ತು ಬದುಕುವವರು ಇದನ್ನೆಲ್ಲ ಎಲ್ಲಿ ಮಾಡಿಸ್ತಾರೆ?

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿ ಉಪವಿಭಾಗಾಧಿಕಾರಿ ಕಚೇರಿ ಇದೆ. ದೂರನ್ನು ಅಲ್ಲೇ ತಗೊಳ್ಳಲಿ. ರಶೀದಿ ಕೊಡಲಿ. ವಿಚಾರಣೆ ಯಾವಾಗ, ಏನು ತೀರ್ಮಾನ ಆಯ್ತು ಅಂತ ದೂರು ಕೊಟ್ಟವರಿಗೆ ಕನ್ನಡದಲ್ಲಿ ಬರೆದು ತಿಳಿಸಲಿ.