ಸುಮ್ನೆ ಆವನಿಗೆ

ನಮ್ಮ ಮುಳಬಾಗಿಲು ಕಡೆ ಸೈಕಲ್ ತುಳಿಯಬೇಕಾದರೆ ಒಂದು ಕಾರಣ ಇರಬೇಕು. ಹ್ಯಾಂಡಲ್‌ಗೆ ಹಾಲಿನ ಕ್ಯಾನು ತೂಗಬೇಕು, ಇಲ್ಲವೇ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಇರಬೇಕು. ಯೂನಿಫಾರ್ಮ್ ಹಾಕಿದ ಮಕ್ಕಳಾದರೆ ಯಾರೂ ಏನೂ ಕೇಳುವುದಿಲ್ಲ. 2006-07ರಲ್ಲಿ ಸರ್ಕಾರವೇ ಎಂಟನೇ ಕ್ಲಾಸಿನವರಿಗೆ ಸೈಕಲ್ ಹಂಚಲು ಶುರು ಮಾಡಿತಲ್ಲ. ಆದರೆ ತಲೆ ನರೆತ ಗಂಡಸೊಬ್ಬ ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಮುಂದೆ ಏನೂ ಇಲ್ಲದೆ ತುಳಿದುಕೊಂಡು ಹೋಗುತ್ತಿದ್ದರೆ ಜನಕ್ಕೆ ಸಮಾಧಾನ ಇರುವುದಿಲ್ಲ. ಗಾಡಿ ಕೆಟ್ಟಿತಾ? ಶುಗರ್ ಬಂತಾ? ಡಾಕ್ಟರ್ ಹೇಳಿದರಾ?

"ಸುಮ್ನೆ" ಅಂದರೆ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹಾಗಾಗಿ ನಾನು ದೇವರ ಮೊರೆ ಹೋಗಿದ್ದೇನೆ. "ಆವನಿಗೆ, ದೇವಸ್ಥಾನಕ್ಕೆ" ಅಂದುಬಿಟ್ಟರೆ ಆಯಿತು. ಕೇಳಿದವರು ತಲೆಯಾಡಿಸಿ ದಾರಿ ಬಿಡುತ್ತಾರೆ.

ಆವನಿ ನಮ್ಮೂರಿಂದ ಸುಮಾರು 13 ಕಿಲೋಮೀಟರ್. ಹೋಗಿ ಬರಲು ಒಂದು ಬೆಳಗ್ಗೆ ಸಾಕು. ಮೊದಲು ಸ್ವಲ್ಪ ದೂರ ಹೈವೇ. ಅದರ ಪಕ್ಕದಲ್ಲೇ ಶ್ರೀಪಾದರಾಜರ ಬೃಂದಾವನ ಇರುವ ನರಸಿಂಹ ತೀರ್ಥ. ಟೊಮೆಟೊ ಕ್ರೇಟು ತುಂಬಿದ ಲಾರಿಗಳು ಹಾರನ್ ಹೊಡೆದುಕೊಂಡು ಹೋಗುವ ಈ ಭಾಗ ನನಗೆ ಬೇಡ, ಆದರೆ ವಿಧಿಯಿಲ್ಲ. ಹೈವೇ ಬಿಟ್ಟು ಒಳಗೆ ತಿರುಗಿದರೆ ಕಿವಿಗೆ ನೆಮ್ಮದಿ. ಏರು ಅಂಥ ಜಾಸ್ತಿ ಇಲ್ಲ. ಗೇರ್ ಇಲ್ಲದ ಸೈಕಲ್‌ನಲ್ಲೂ ಹೋಗಬಹುದು. ಎರಡೂ ಕಡೆ ಒಂದರ ಮೇಲೊಂದು ಬಂಡೆ ಕೂತ ಗುಡ್ಡಗಳು. ಹೊಲಗಳಲ್ಲಿ ಸಾಲಾಗಿ ನೀಲಗಿರಿ ಕೋಲು ನೆಟ್ಟು, ದಾರ ಎಳೆದು, ಟೊಮೆಟೊ ಗಿಡಗಳನ್ನು ಎತ್ತಿ ಕಟ್ಟಿರುತ್ತಾರೆ. ಬೆಲೆ ಬಿದ್ದ ವಾರ ಹಣ್ಣು ಗಿಡದಲ್ಲೇ ಕೆಂಪಗೆ ಕೊಳೆಯುತ್ತಿರುತ್ತದೆ. ಕೂಲಿ ಕೊಟ್ಟು ಕೀಳಿಸಿ ಮಂಡಿಗೆ ಹಾಕಿದರೆ ಇನ್ನೂ ನಷ್ಟ, ಅದಕ್ಕೆ. ಕಾರಿನಲ್ಲಿ ಹೋಗುವವರಿಗೆ ಆ ಬಣ್ಣ ಕಾಣುತ್ತದೆ. ಸೈಕಲ್‌ನವನಿಗೆ ವಾಸನೆಯೂ ಬರುತ್ತದೆ.

ಆವನಿ ಈಗ ಸಣ್ಣ ಊರು. ಸಾವಿರ ವರ್ಷದ ಹಿಂದೆ ಹಾಗಿರಲಿಲ್ಲ. 10ನೇ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಇಲ್ಲಿ ತ್ರಿಭುವನಕರ್ತ ಅನ್ನುವ ಗುರು ಇದ್ದರು. 40 ವರ್ಷ ಈ ಸ್ಥಾನವನ್ನು ಆಳಿ, 50 ಗುಡಿ ಕಟ್ಟಿಸಿ, ಎರಡು ದೊಡ್ಡ ಕೆರೆ ತೋಡಿಸಿದರು ಅಂತ ಶಾಸನ ಹೇಳುತ್ತದೆ. ಸನ್ಯಾಸಿ ಅಂದರೆ ಕಣ್ಣು ಮುಚ್ಚಿ ಕೂರುವವರು ಅಂದುಕೊಂಡಿದ್ದ ನನಗೆ ಈ ಲೆಕ್ಕ ಓದಿಯೇ ಸುಸ್ತಾಯಿತು. ಕೆಲಸವಿಲ್ಲದೆ ಸೈಕಲ್ ತುಳಿದು ಬಂದವನು ಅಂಥವರ ಊರಿನಲ್ಲಿ ಸ್ವಲ್ಪ ತಗ್ಗಿಯೇ ನಡೆಯಬೇಕು.

ಇಲ್ಲಿ ಲವ ಕುಶರು ಹುಟ್ಟಿದರಂತೆ. ಗೊತ್ತಿಲ್ಲದೆ ಸ್ವಂತ ಮಕ್ಕಳ ಮೇಲೇ ಯುದ್ಧ ಮಾಡಿದ ದೋಷ ಕಳೆಯಲು ರಾಮ ಮತ್ತು ತಮ್ಮಂದಿರು ಒಂದೊಂದು ಲಿಂಗ ಇಟ್ಟರಂತೆ. ಹಾಗಾಗಿ ಒಂದೇ ಅಂಗಳದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಿನಲ್ಲೂ ಶಿವನ ಗುಡಿಗಳಿವೆ. ತಮಾಷೆ ಏನೆಂದರೆ, ಅಣ್ಣನದಕ್ಕಿಂತ ಲಕ್ಷ್ಮಣೇಶ್ವರನ ಗುಡಿಯೇ ಚೆಂದ. ಹೊರಗೋಡೆಯ ಕೆತ್ತನೆ ಅಲ್ಲೇ ಜಾಸ್ತಿ. ಎಂಟು ಗಂಟೆಯ ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಮೂಗು, ಸೊಂಟದ ಪಟ್ಟಿ, ಕೈಬಳೆ ಎಲ್ಲ ಎದ್ದು ಕಾಣುತ್ತವೆ. ಹತ್ತು ಗಂಟೆಗೆ ಹೋದರೆ ಅದೇ ಗೋಡೆ ಸಪ್ಪೆ. ನಮ್ಮ ಜನ ಕಾರು ಮಾಡಿಕೊಂಡು ಬರುವುದು ಹನ್ನೊಂದಕ್ಕೆ.

ಆದರೆ ಆವನಿಯ ಹೆಸರು ಹೇಳಿದ್ದಕ್ಕೆ ಬೇರೆ ಫಜೀತಿ ಇದೆ. ಮೇಲೆ ಬೆಟ್ಟದಲ್ಲಿ ಸೀತಮ್ಮನ ಗುಡಿ. ಅಲ್ಲಿ ಹರಕೆ ಹೊತ್ತರೆ ಮಕ್ಕಳಾಗುತ್ತವೆ ಅನ್ನೋ ನಂಬಿಕೆ. ಟೀ ಅಂಗಡಿಯ ಮುಂದೆ ಕೂತಿದ್ದ ಅಜ್ಜಿ ನನ್ನ ಬೆವರು ನೋಡಿ ಮರುಗಿದರು.

"ಮಕ್ಕಳಿಲ್ವಾಪ್ಪಾ?"

"ಇದ್ದಾಳೆ ಅಜ್ಜಿ, ಮಗಳು. ಕಾಲೇಜು ಓದ್ತಾಳೆ."

"ಓ, ಗಂಡು ಬೇಕಾ ಹಂಗಾದ್ರೆ?"

ಆಮೇಲೆ ಅಜ್ಜಿ ತೆಲುಗಿಗೆ ಇಳಿದರು. ನಮ್ಮ ಕಡೆ ಹಾಗೇ, ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಹೆಂಡತಿಯನ್ನು ಬಿಟ್ಟು ಒಬ್ಬನೇ ಬಂದರೆ ಹರಕೆ ಹೇಗೆ ಫಲಿಸುತ್ತದೆ ಅನ್ನುವುದು ಅವರ ವಾದ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ವಾಪಸ್ ಬಂದು ಮುಳಬಾಗಿಲು ದೋಸೆ ತಿನ್ನದೆ ಮನೆಗೆ ಹೋಗುವಂತಿಲ್ಲ. ದಪ್ಪನೆಯ ದೋಸೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಅಂಚಿನ ಸುತ್ತ ತುಪ್ಪ ಇನ್ನೂ ಚುರುಗುಟ್ಟುತ್ತಿರುತ್ತದೆ. ತುಳಿದು ಕರಗಿಸಿದ್ದಕ್ಕಿಂತ ಒಳಗೆ ಹೋಗುವುದೇ ಜಾಸ್ತಿ. ಡಾಕ್ಟರ್ ಹೇಳಿದ್ದಕ್ಕೆ ತುಳಿಯುತ್ತಿದ್ದಾನೆ ಅನ್ನುವ ಅನುಮಾನವಾದರೂ ಇಲ್ಲಿ ಪರಿಹಾರವಾಗುತ್ತದೆ.

ಹರಕೆಯ ವಿಚಾರಣೆ ತಪ್ಪಿಸಿಕೊಳ್ಳಲು ಮುಂದಿನ ಭಾನುವಾರ ದಾರಿ ಬದಲಾಯಿಸಿ ಕುರುಡುಮಲೆಗೆ ಹೊರಟೆ. ಅಲ್ಲಿ ಹದಿಮೂರೂವರೆ ಅಡಿ ಎತ್ತರದ ಗಣಪ ಇದ್ದಾನೆ. ರಾಜಕಾರಣಿಗಳು ಚುನಾವಣೆ ಪ್ರಚಾರ ಶುರು ಮಾಡುವುದು ಅವನಿಗೆ ಕೈಮುಗಿದೇ. ಊರು ದಾಟುವಷ್ಟರಲ್ಲಿ ಪಕ್ಕದಲ್ಲಿ ಒಂದು ಬೈಕ್ ನಿಧಾನವಾಯಿತು. ಎಲ್ಲಿಗೆ ಅಂತ ಕೇಳಿದ. ಕುರುಡುಮಲೆ ಅಂದೆ. ಹುಡುಗ ಹೆಲ್ಮೆಟ್ಟಿನಿಂದ ಚಕ್ರದವರೆಗೆ ನನ್ನನ್ನು ಒಮ್ಮೆ ನೋಡಿ ಕೇಳಿದ: "ಯಾವ ಪಾರ್ಟಿ ಸಾರ್ ನೀವು?"