ಬಾಗಿಲು ಹಾಕುವ ಮೊದಲೇ ಲೆಕ್ಕ ತೋರಿಸಿ

ಫಿಲಡೆಲ್ಫಿಯಾದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ ಚರ್ಚ್ ಶಾಲೆ ಕಳೆದ ಜೂನ್‌ನಲ್ಲಿ ಮುಚ್ಚಿತು. ಮಗಳು ಅಲ್ಲೇ ಐದನೇ ತರಗತಿವರೆಗೆ ಓದಿದವಳು. ಫೆಬ್ರವರಿಯಲ್ಲಿ ಪತ್ರ ಬಂತು. ಹಣ ಸಾಲುತ್ತಿಲ್ಲ, ಮಕ್ಕಳು ಕಡಿಮೆ, ಮುಂದಿನ ವರ್ಷ ಶಾಲೆ ಇರುವುದಿಲ್ಲ. ಅಷ್ಟೇ. ಆ ವಾರ ಶಾಲೆಯ ಜಿಮ್‌ನಲ್ಲಿ ಸಭೆ ಕರೆದರು. ಒಬ್ಬ ಅಜ್ಜ ಎದ್ದು ನಿಂತರು. ಅವರೂ ಅಲ್ಲೇ ಓದಿದವರು, ಮಗನೂ ಅಲ್ಲೇ, ಈಗ ಮೊಮ್ಮಗಳು ಮೂರನೇ ಕ್ಲಾಸು. "ನಾಲ್ಕು ವರ್ಷದಿಂದ ನಷ್ಟ ಅಂತೀರಲ್ಲ ಫಾದರ್, ಆಗಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಫಾದರ್ ತಲೆ ತಗ್ಗಿಸಿದರು. ಅವರ ಕಣ್ಣಲ್ಲೂ ನೀರಿತ್ತು.

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾನು ಬೆಳ್ತಂಗಡಿ ಕಡೆಯವನು. ಓದಿದ್ದು ಇಗರ್ಜಿ, ಅಂದರೆ ಚರ್ಚ್, ಪಕ್ಕದ ಕನ್ನಡ ಶಾಲೆಯಲ್ಲಿ. ನಾವು ಕ್ರೈಸ್ತರಲ್ಲ, ಆದರೆ ಊರಿನ ಎಲ್ಲರ ಮಕ್ಕಳೂ ಹೋಗುತ್ತಿದ್ದದ್ದು ಅಲ್ಲಿಗೇ. ಹಾಗಾಗಿ ಇಲ್ಲಿ ಮಗಳನ್ನು ಚರ್ಚ್ ಶಾಲೆಗೆ ಸೇರಿಸುವಾಗ ನನಗೆ ಗೊತ್ತಿರುವ ಜಾಗಕ್ಕೇ ಕಳಿಸುತ್ತಿದ್ದೇನೆ ಅನಿಸಿತ್ತು. ಒಳಗಿನ ಲೆಕ್ಕ ಬೇರೆಯೇ ಎಂದು ತಿಳಿದದ್ದು ಆಮೇಲೆ.

ನಮ್ಮೂರ ಶಾಲೆ ಅನುದಾನಿತ. ಕಟ್ಟಡ ಇಗರ್ಜಿಯದ್ದು, ಸಂಚಾಲಕರು ಫಾದರ್, ಮೇಷ್ಟ್ರ ಸಂಬಳ ಮಾತ್ರ ಸರ್ಕಾರದ್ದು. ಇಲ್ಲಿ ಹಾಗಲ್ಲ. ಚರ್ಚ್ ಶಾಲೆಯ ಶಿಕ್ಷಕರ ಸಂಬಳಕ್ಕೆ ನೆರವು ಕೊಡುವ ಕಾನೂನನ್ನು ಫಿಲಡೆಲ್ಫಿಯಾ ಇರುವ ಇದೇ ಪೆನ್ಸಿಲ್ವೇನಿಯಾ ರಾಜ್ಯ 1968ರಲ್ಲಿ ಮಾಡಿತ್ತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸರ್ಕಾರವೂ ಧರ್ಮವೂ ಅಷ್ಟು ಹೆಣೆದುಕೊಳ್ಳಬಾರದು ಎಂಬುದು ತೀರ್ಪಿನ ತಿರುಳು. ವಿದ್ಯಾರ್ಥಿವೇತನಕ್ಕೆ ಕೊಡುವ ಕಂಪನಿಗಳಿಗೆ ಈಗ ತೆರಿಗೆ ರಿಯಾಯಿತಿ ಇದೆ, ಅದರಿಂದ ಎಷ್ಟೋ ಮನೆಗಳಿಗೆ ಅನುಕೂಲ ಆಗಿದೆ. ಆದರೂ ಸಂಬಳದ ಹೊರೆ ಹೊರಬೇಕಾದ್ದು ಶಾಲೆಯೇ. ತಾಯಿತಂದೆ ಮನೆ ತೆರಿಗೆಯಲ್ಲಿ ಸರ್ಕಾರಿ ಶಾಲೆಗೂ ಕೊಡಬೇಕು, ಇಲ್ಲಿ ಫೀಸನ್ನೂ ಕಟ್ಟಬೇಕು. ಅದೂ ಸಾಲದೆ ಭಾನುವಾರದ ಕಾಣಿಕೆಯಿಂದ ಚರ್ಚ್ ಒಂದಷ್ಟು ತುಂಬುತ್ತದೆ.

ಹಾಗಾದರೆ ಹಿಂದೆಲ್ಲ ಹೇಗೆ ನಡೆಯುತ್ತಿತ್ತು? ಸಿಸ್ಟರ್‌ಗಳ, ಅಂದರೆ ಕ್ರೈಸ್ತ ಸನ್ಯಾಸಿನಿಯರ, ದುಡಿಮೆಯಿಂದ. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪ್‌ಗಳು ಪ್ರತಿ ಚರ್ಚಿನ ಪಕ್ಕ ಎರಡು ವರ್ಷದೊಳಗೆ ಒಂದು ಶಾಲೆ ಬೇಕು ಎಂದು ನಿಯಮ ಮಾಡಿದರು. ಐರಿಷ್, ಇಟಾಲಿಯನ್, ಪೋಲಿಷ್ ಕೂಲಿಕಾರರ ಮಕ್ಕಳಿಗೆ ಸಿಸ್ಟರ್‌ಗಳು ಹೆಸರಿಗಷ್ಟೇ ಸಂಬಳ ಪಡೆದು ಕಲಿಸಿದರು. 1960ರ ದಶಕದ ನಡುವೆ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಈಗ 17 ಲಕ್ಷದ ಆಸುಪಾಸು. ಸಿಸ್ಟರ್‌ಗಳಾಗುವವರೇ ಕಡಿಮೆಯಾದರು, ಅವರ ಜಾಗಕ್ಕೆ ಸಂಸಾರ ಇರುವ ಶಿಕ್ಷಕರು ಬಂದರು. ಅವರಿಗೆ ಬದುಕುವಷ್ಟು ಸಂಬಳ ಬೇಡವೇ? ಫೀಸು ಏರಿತು. ಫೀಸು ಏರಿದಾಗ ನಾಲ್ಕು ಮನೆಯವರು ಬಿಟ್ಟರು. ಬಿಟ್ಟವರ ಪಾಲೂ ಉಳಿದವರ ಮೇಲೆ ಬಿತ್ತು. ಇದರ ನಡುವೆ ಸರ್ಕಾರದ ದುಡ್ಡಲ್ಲಿ ಸ್ವತಂತ್ರವಾಗಿ ನಡೆಯುವ, ಫೀಸಿಲ್ಲದ ಚಾರ್ಟರ್ ಶಾಲೆಗಳು ಬಂದವು, ಹಳೆ ಕುಟುಂಬಗಳು ಊರ ಹೊರಗಿನ ಬಡಾವಣೆಗೆ ಹೋದವು. ಕಟ್ಟಡ ಮಾತ್ರ ಅಲ್ಲೇ ಇತ್ತು, ಸೋರುವ ಮಾಡು ಮತ್ತು ಹಳೇ ಬಾಯ್ಲರ್ ಸಮೇತ.

ಇದು ಯಾರ ತಪ್ಪು ಎಂದು ಬೆರಳು ತೋರಿಸಲು ನನಗೆ ಮನಸ್ಸಿಲ್ಲ. ಆದರೆ ಮುಚ್ಚಿಡುವುದು ತಪ್ಪು. 2012ರ ಜನವರಿಯಲ್ಲಿ ಫಿಲಡೆಲ್ಫಿಯಾ ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪ್ ಕೈಕೆಳಗಿನ ಕ್ಯಾಥೊಲಿಕ್ ಆಡಳಿತದ) ಆಯೋಗವೊಂದು 44 ಪ್ರಾಥಮಿಕ ಶಾಲೆ, 4 ಹೈಸ್ಕೂಲು ಮುಚ್ಚಿ ಅಥವಾ ಬೇರೆಯದರ ಜೊತೆ ಸೇರಿಸಿ ಎಂದಿತು. ಆಗ ಜನ ಎದ್ದರು. ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿದರು, ಮೇಲ್ಮನವಿ ಹಾಕಿದರು. ಫೆಬ್ರವರಿಯ ಹೊತ್ತಿಗೆ ಆ 4 ಹೈಸ್ಕೂಲೂ ಉಳಿದವು, ಕೆಲವು ಪ್ರಾಥಮಿಕ ಶಾಲೆಗಳೂ ಉಳಿದವು. ಒಂದು ತಿಂಗಳಲ್ಲಿ ಇಷ್ಟು ಮಾಡುವ ಜನಕ್ಕೆ ಮೂರು ವರ್ಷ ಮೊದಲೇ ಲೆಕ್ಕ ತೋರಿಸಿದ್ದರೆ?

ನಮ್ಮ ಕಡೆ ಪತ್ರವೂ ಬರುವುದಿಲ್ಲ. ಅನುದಾನಿತ ಶಾಲೆಯಲ್ಲಿ ಒಬ್ಬ ಮೇಷ್ಟ್ರು ನಿವೃತ್ತರಾಗುತ್ತಾರೆ, ಹುದ್ದೆ ತುಂಬುವುದಿಲ್ಲ. ಮತ್ತೊಬ್ಬರು ನಿವೃತ್ತರಾಗುತ್ತಾರೆ. ಇಂಗ್ಲಿಷ್ ಮೀಡಿಯಂ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಒಂದು ದಿನ ಒಂದನೇ ತರಗತಿಗೆ ಮಕ್ಕಳೇ ಇಲ್ಲ. ಮೆಲ್ಲಗೆ ಹೋಗುವುದರಿಂದ ನೋವು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೂ ಊರಿನ ಒಂದು ರೀತಿ ನನಗೆ ಜಾಸ್ತಿ ಇಷ್ಟ. ಹೋದ ವರ್ಷ ನಮ್ಮ ಶಾಲೆಯ ಸಂಚಾಲಕರು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದು ಹಾಳೆ ಹಾಕಿದರು. ಮಕ್ಕಳು ಇಷ್ಟು, ಸರ್ಕಾರದ ಸಂಬಳದವರು ಇಬ್ಬರು, ಗೌರವ ಶಿಕ್ಷಕರು ಮೂವರು, ತಿಂಗಳಿಗೆ ಕೊರತೆ ಇಷ್ಟು. ಕೈಬರಹದಲ್ಲೇ ಇತ್ತು. ದುಬೈಯಲ್ಲಿರುವವನು ಒಬ್ಬರ ಸಂಬಳ ತನ್ನದು ಎಂದ. ಮುಂಬೈಯ ಹೋಟೆಲಿನವರು ವ್ಯಾನಿನ ಡೀಸೆಲ್ ತಮ್ಮದು ಎಂದರು. ಊರಲ್ಲೇ ಇರುವವರು ಭಾನುವಾರ ಶ್ರಮದಾನ ಮಾಡಿ ಹಂಚು ಸರಿಮಾಡಿದರು. ನಾನು ಇನ್ನೊಬ್ಬರ ಒಂದು ವರ್ಷದ ಸಂಬಳ ಕಳಿಸಿದೆ. ಶಾಲೆ ಎಷ್ಟು ವರ್ಷ ಉಳಿಯುತ್ತದೋ ಗೊತ್ತಿಲ್ಲ. ಈ ವರ್ಷ ಒಂದನೇ ತರಗತಿಗೆ ಹನ್ನೊಂದು ಮಕ್ಕಳು ಸೇರಿದ್ದಾರೆ.

ಮಗಳು ಈಗ ಪಕ್ಕದ ಚರ್ಚಿನ ಶಾಲೆಗೆ ಹೋಗುತ್ತಿದ್ದಾಳೆ. ಅಲ್ಲಿಯ ಮೊದಲ ಪೋಷಕರ ಸಭೆಯಲ್ಲಿ ನಾನು ಕೈಯೆತ್ತಿ ಕೇಳಿದೆ, ಈ ವರ್ಷದ ಲೆಕ್ಕ ನಮಗೂ ಕೊಡ್ತೀರಾ ಎಂದು. ಸುಮ್ನೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿನ್ಸಿಪಾಲರು ಕೊಡ್ತೀವಿ ಅಂದರು. ಎರಡು ವಾರಕ್ಕೆ ಚರ್ಚಿನ ಬುಲೆಟಿನ್‌ನಲ್ಲಿ ಬಂತು. ಕೊರತೆ ಇದೆ, ಮುಚ್ಚುವಷ್ಟಿಲ್ಲ. ಗುರುವಾರ ಸಂಜೆ ನಾವು ಎಂಟು ಮನೆಯವರು ಆ ಹಾಳೆ ಹಿಡಿದುಕೊಂಡು ಕೂರಲಿದ್ದೇವೆ. ಹಳೇ ಶಾಲೆಯ ಆ ಅಜ್ಜನನ್ನೂ ಬರಲು ಹೇಳಿದ್ದೇನೆ.